ಮೆಕ್ಕೆಜೋಳದ ಸಂದಿಯಲ್ಲಿ ಕಲಿತ ಕಾಲು

ಇಟ್ಟಿಗಿ
14-7-2025

ವಾಣೀ, ನನ್ನವ್ವಾ,

ಹಾಗಾದರೆ ಈ ವಾರವೂ ನಿನ್ನನ್ನು ಮ್ಯಾಚಿಗೆ ಇಳಿಸದೆ ಬೆಂಚಿನ ಮೇಲೆ ಕೂರಿಸಿದರು ಅನ್ನು. ಬೆಂಚು ಹೇಗಿದೆ? ಕಬ್ಬಿಣದ್ದೋ ಕಟ್ಟಿಗೆಯದ್ದೋ? ನಾನು ಗೋವಾದಲ್ಲಿ ಹಮಾಲಿ ಮಾಡುವಾಗ ಅಲ್ಲಿಯ ಹುಡುಗರ ಜೊತೆ ಫುಟ್‌ಬಾಲ್ ಆಡಲು ಹೋಗುತ್ತಿದ್ದೆನಲ್ಲ, ಅಲ್ಲಿ ಬೆಂಚೇ ಇರಲಿಲ್ಲ. ಮೀನಿನ ಬುಟ್ಟಿ ಬೋರಲು ಹಾಕಿ ಕೂರಿಸುತ್ತಿದ್ದರು. ಅದರ ಮೇಲಿಂದ ಎದ್ದು ಆಟಕ್ಕಿಳಿದರೆ ಎದುರಿನವರು ವಾಸನೆಗೇ ದಾರಿ ಬಿಡುತ್ತಿದ್ದರು. ನನ್ನ ಅರ್ಧ ಡ್ರಿಬ್ಲಿಂಗ್ ಆ ಬುಟ್ಟಿಯೇ ಮಾಡುತ್ತಿತ್ತು.

ನಿಮ್ಮ ವಾರ್ಡನ್ ಮೇಡಂ ಫೋನುಗಳನ್ನೆಲ್ಲ ಬೀರುವಿನಲ್ಲಿಟ್ಟು ಬೀಗ ಹಾಕುವುದು ಒಂದು ಲೆಕ್ಕಕ್ಕೆ ಒಳ್ಳೆಯದೇ ಆಯಿತು. ಭಾನುವಾರ ಫೋನು ಕೈಗೆ ಬಂದಾಗ ನೀನು "ಹ್ಞೂಂ" ಅಂತೀಯ, "ಊಟ ಆತು" ಅಂತೀಯ, ಮುಗಿಯಿತು. ಪತ್ರದಲ್ಲಾದರೆ ಒಂದಿಷ್ಟು ಬಾಯಿ ಬಿಡುತ್ತೀಯ. ಪೋಸ್ಟಿನ ಮಂಜಣ್ಣ ಕವರು ಕೈಗಿಡುತ್ತ, "ಏನಪಾ ಉಜ್ಜಿನಪ್ಪಾ, ಈ ಕಾಲದಾಗ ಪತ್ರ ಕಳಸೋರು ಅಂದ್ರ ಒಂದು ಕೋರ್ಟು, ಇನ್ನೊಂದು ನಿನ್ನ ಮಗಳು" ಅಂದ. "ಎರಡೂ ಕಡೆ ನಾನ ಆರೋಪಿ ಬಿಡಪಾ" ಅಂದೆ.

ದಸರೆಯ ಹೊತ್ತಿಗೆ ಹೊಸ ಹುಡುಗಿಯರಲ್ಲಿ ಯಾರು ಕ್ರೀಡಾ ಹಾಸ್ಟೆಲ್‌ನಲ್ಲಿ ಉಳಿಯಬೇಕು, ಯಾರು ಮನೆಗೆ ವಾಪಸು ಹೋಗಬೇಕು ಅಂತ ನಿಮ್ಮ ಕೋಚ್ ಅರುಣಕುಮಾರ್ ಸರ್ ತೀರ್ಮಾನ ಮಾಡುತ್ತಾರೆ ಅಂತ ಬರೆದಿದ್ದೀಯ. ಆ ಸಾಲನ್ನು ಎಷ್ಟು ಸಣ್ಣ ಅಕ್ಷರದಲ್ಲಿ ಬರೆದಿದ್ದೀಯ ಅಂದರೆ, ನಿಮ್ಮಮ್ಮನಿಗೆ ಓದಿ ಹೇಳುವಾಗ ನನಗೆ ಅದು ಕಾಣಲೇ ಇಲ್ಲ.

ನಿನ್ನ ರೂಮಿನ ಮುಸ್ಕಾನ್, ನೀನು ಮೆಕ್ಕೆಜೋಳದಲ್ಲಿ ಫುಟ್‌ಬಾಲ್ ಕಲಿತೆ ಅಂದರೆ ನಂಬುವುದಿಲ್ಲವಂತೆ. ಇದನ್ನು ಅವಳಿಗೆ ಓದಿ ಹೇಳು. ಅಮ್ಮಾ ಮುಸ್ಕಾನ್, ನಮ್ಮೂರ ಸಂತೆ ಬಯಲು ಬೇಸಿಗೆಯಲ್ಲಿ ಕ್ರಿಕೆಟ್ ಹುಡುಗರದ್ದು, ಮಳೆಗಾಲದಲ್ಲಿ ಎಮ್ಮೆಗಳದ್ದು. ಮೆಕ್ಕೆಜೋಳ ಕಿತ್ತ ಮೇಲೆ ಊರಿನವರೆಲ್ಲ ಅಲ್ಲಿ ತಾಡಪತ್ರಿ ಹಾಸಿ ಕಾಳು ಒಣಗಲು ಹರವುತ್ತಾರೆ. ಆಗ ಕ್ರಿಕೆಟ್‌ನವರು ಜಾಗ ಬಿಡುತ್ತಾರೆ, ನಾವು ನುಗ್ಗುತ್ತೇವೆ. ಆಡಲು ಸಿಗುವುದು ಹಾಸಿಗೂ ಹಾಸಿಗೂ ನಡುವಿನ ಸಂದಿ, ಒಂದು ಕುರಿ ಹೋಗುವಷ್ಟು. ಬಾಲು ಕಾಳಿಗೆ ತಾಗಿತೋ, ಕೊಟ್ರಬಸಮ್ಮ ಅಂತ ಒಬ್ಬಳು ಅಜ್ಜಿ ಕೋಲು ಹಿಡಿದು ಕೂತಿರುತ್ತಾಳೆ, ಬಾಲು ಕಿತ್ತಿಟ್ಟುಕೊಂಡು, ತಾಗಿಸಿದವರಿಂದ ತನ್ನ ಹಾಸನ್ನೆಲ್ಲ ಕಾಲಾಡಿಸುತ್ತಾಳೆ. ಅಂದರೆ ಬರಿಗಾಲನ್ನು ಕಾಳಿನಲ್ಲಿ ಎಳೆಯುತ್ತ ಆ ತುದಿಯಿಂದ ಈ ತುದಿಗೆ ನಡೆಯಬೇಕು, ಅಡಿಯ ಕಾಳು ಮೇಲೆ ಬರುವ ಹಾಗೆ. ಆ ಬಿಸಿಲಿನಲ್ಲಿ! ನಮ್ಮ ವಾಣಿಯ ಬಾಲು ಯಾಕೆ ಕಾಲಿಗೆ ಅಂಟಿಕೊಂಡಿರುತ್ತದೆ ಅಂತ ಈಗ ಗೊತ್ತಾಯಿತಾ?

ವಾಣೀ, ನಾನು ಹೇಳುವುದು ಇಷ್ಟೇ. ಅಲ್ಲಿ ಡ್ರಿಬ್ಲಿಂಗ್ ಕೈಕೊಡುತ್ತಿದ್ದರೆ ಬಾಲನ್ನು ಇನ್ನೂ ಹತ್ತಿರ ಇಟ್ಟುಕೋ. ಹೆಬ್ಬೆರಳಿಗೂ ಬಾಲಿಗೂ ನಡುವೆ ಒಂದು ಬೀಡಿ ಹೋಗುವಷ್ಟು ಜಾಗ ಸಾಕು. ಎದುರು ಬಂದವಳ ಹತ್ತಿರ "ಕಂಡಕ್ಟರ್" ಮಾಡು. ತುಂಬಿದ ಬಸ್ಸಿನಲ್ಲಿ ಕಂಡಕ್ಟರ್ ಭುಜ ಓರೆ ಮಾಡಿ ತೂರುತ್ತಾನಲ್ಲ, ಹಾಗೆ. ಆಗಲಿಲ್ಲವೋ, "ಎಮ್ಮೆ ತಿರುವು" ಹಾಕು. ಅಂಗಾಲಿನಿಂದ ಬಾಲನ್ನು ಹಿಂದಕ್ಕೆಳೆದು ಸರ್ರನೆ ತಿರುಗು, ಎಮ್ಮೆ ಯಾವ ಕಡೆ ತಿರುಗುತ್ತದೆ ಅಂತ ಎಮ್ಮೆಗೂ ಗೊತ್ತಿರಬಾರದು.

ಇಂತಿ,
ನಿಮ್ಮಪ್ಪ, ಗೂಡ್ಸ್ ಆಟೋ ಉಜ್ಜಿನಪ್ಪ


ಹಾಸ್ಟೆಲ್
30-7-2025

ಅಪ್ಪಾ,

ನೀನು ಹೇಳಿದ ಹಾಗೆ ಮಾಡಿದೆ. ಬಾಲು ಇನ್ನೂ ಹತ್ತಿರ ಇಟ್ಟುಕೊಂಡೆ. ಇನ್ನೂ ಕೆಟ್ಟಿತು.

ಮೊದಲನೆಯವಳನ್ನು ದಾಟುತ್ತೇನೆ. ಎರಡನೆಯವಳನ್ನೂ ದಾಟುತ್ತೇನೆ. ಆಮೇಲೆ ಮೂವರು ಒಟ್ಟಿಗೆ ನಿಂತಿರುತ್ತಾರೆ, ಬಸ್ಸಿಗೆ ಕಾದವರ ಹಾಗೆ. ನಾನು ಅಲ್ಲಿಗೇ ಬರುತ್ತೇನೆ ಅಂತ ಅವರಿಗೆ ಗೊತ್ತು. ನಾನೂ ಅಲ್ಲಿಗೇ ಹೋಗುತ್ತೇನೆ. ಯಾಕೆ ಅಂತ ನನಗೇ ಗೊತ್ತಿಲ್ಲ.

ಸರ್ ನಿನ್ನೆ ಸೀಟಿ ಊದಿ ಆಟ ನಿಲ್ಲಿಸಿದರು. "ಏನಮ್ಮಾ ವಾಣಿಶ್ರೀ, ನಿನ್ನ ಎರಡೂ ಕಡೆ ಗೋಡೆ ಕಟ್ಟಿದಾರಾ? ಇಷ್ಟು ಗ್ರೌಂಡ್ ಯಾರಿಗೆ ಬಿಟ್ಟಿದೀಯಾ?" ಅಂದರು. ಸಿಟ್ಟಿನಿಂದ ಅಲ್ಲ, ನಿಜವಾಗಿ ಕೇಳಿದರು. ಹುಡುಗಿಯರು ನಕ್ಕರು. ಮುಸ್ಕಾನ್ ನಗಲಿಲ್ಲ.

ಅಮ್ಮನಿಗೆ ಹೇಳಬೇಡ. ನೀನು ಬರುತ್ತೇನೆ ಅಂತಲೂ ಅನ್ನಬೇಡ. ನೀನು ಬಂದರೆ ಎಲ್ಲರನ್ನೂ ನಗಿಸುತ್ತೀಯ, ನಾನೊಬ್ಬಳು ಅಳುತ್ತೇನೆ.

ಇಲ್ಲಿ ಅನ್ನ ಚೆನ್ನಾಗಿರುತ್ತದೆ. ರೊಟ್ಟಿ ಮಾಡುವುದಿಲ್ಲ.

ನಿನ್ನ ಮಗಳು,
ವಾಣಿಶ್ರೀ


ಇಟ್ಟಿಗಿ
6-8-2025

ವಾಣೀ,

ಪತ್ರ ಮುಟ್ಟಿತು. ನಿನ್ನ ಸರ್ ಕೇಳಿದ್ದಕ್ಕೆ ಉತ್ತರ ನನಗೂ ಹೊಳೆಯಲಿಲ್ಲ. ಹಗರಿಬೊಮ್ಮನಹಳ್ಳಿಗೆ ಗೊಬ್ಬರದ ಚೀಲ ಹಾಕಿಕೊಂಡು ಹೋಗುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿ, ಇಳಿಸಬೇಕಾದ ಅಂಗಡಿ ಬಿಟ್ಟು ಮುಂದೆ ಹೋದೆ. ಮಾಲೀಕ ಆಟೋ ಹಿಂದೆ ಓಡಿ ಬಂದು, "ಉಜ್ಜಿನಪ್ಪಾ, ಗೊಬ್ಬರ ಏನು ನಿನ್ನ ಮಾವಗ ಒಯ್ಯಾಕತ್ತಿಯೇನು?" ಅಂದ.

ಬರುವುದಿಲ್ಲ. ಅಮ್ಮನಿಗೆ ಹೇಳಿಲ್ಲ. ಒಂದಿಷ್ಟು ದಿನ ತಾಳು.

ಅಪ್ಪ


ಇಟ್ಟಿಗಿ
18-8-2025

ವಾಣೀ, ನನ್ನ ಬಂಗಾರೀ,

ಸಿಕ್ಕಿತು! ಕೂತು ಓದು. ನಿಂತು ಓದಿದರೆ ನಗುತ್ತ ಬೀಳುತ್ತೀಯ.

ಮಳೆ ಹೋಗಿ ಒಂದು ವಾರ ಆಗಿತ್ತು, ಬಯಲು ಒಣಗಿತ್ತು. ನಿನ್ನೆ ಭಾನುವಾರ ಕ್ರಿಕೆಟ್ ಹುಡುಗರೆಲ್ಲ ಟೂರ್ನಮೆಂಟಿಗೆ ಅಂತ ಹರಪನಹಳ್ಳಿಗೆ ಹೋದರು. ಬಯಲಿನಲ್ಲಿ ಕ್ರಿಕೆಟ್ಟೂ ಇಲ್ಲ, ಎಮ್ಮೆಯೂ ಇಲ್ಲ, ಕಾಳೂ ಇಲ್ಲ. ನಾನು ಆಟ ಕಲಿಸುವ ನಮ್ಮ ಚಿಲ್ಲರೆ ಹುಡುಗರನ್ನೆಲ್ಲ, ಜಂಬುನಾಥ, ತೌಸೀಫ್ ಎಲ್ಲರನ್ನೂ, ಆಟೋದಲ್ಲಿ ತುಂಬಿಕೊಂಡು ಹೋಗಿ ಬಿಟ್ಟೆ. "ಇವತ್ತ ಪೂರಾ ಬಯಲು ನಿಮ್ದಲೇ, ಕುಣೀರಿ" ಅಂದು ಆಟೋದ ಹಿಂಬದಿ ಕಾಲು ಇಳಿಬಿಟ್ಟು ಕೂತೆ.

ಏನು ಕಂಡೆ ಅಂತೀಯ? ಅಷ್ಟಗಲ ಬಯಲು. ನಮ್ಮವರು ಮಾತ್ರ ನಟ್ಟನಡುವೆ ಒಂದೇ ಗೆರೆಯಲ್ಲಿ, ರೇಷನ್ ಅಂಗಡಿ ಮುಂದೆ ಪಾಳಿ ಹಚ್ಚಿದ ಹಾಗೆ. ಈ ತುದಿಯಿಂದ ಜಂಬುನಾಥ ಬಂದ, ಆ ತುದಿಯಿಂದ ತೌಸೀಫ್. ಇಬ್ಬರೂ ಎದುರುಬದುರು ನಿಂತು ಕಂಡಕ್ಟರ್ ಮಾಡಿದರು, ಎಮ್ಮೆ ತಿರುವು ಹಾಕಿದರು, ಬೆವರು ಹರಿಸಿದರು. ಎಡಕ್ಕೆ ಊರಷ್ಟು ಜಾಗ, ಬಲಕ್ಕೆ ಕೆರೆಯಷ್ಟು ಜಾಗ. ಆ ಕಡೆ ಒಬ್ಬರೂ ಕಣ್ಣು ಹಾಯಿಸಲಿಲ್ಲ.

ಬಾಲು ತಪ್ಪಿ ಪಕ್ಕಕ್ಕೆ ಉರುಳಿತು. ಜಂಬುನಾಥ ಅದರ ಹಿಂದೆ ಹೋಗಲಿಲ್ಲ. ನಿಂತ.

"ಯಾಕಲೇ ನಿಂತಿ? ತಗೊಂಡು ಓಡಲೇ!" ಅಂದೆ.

"ಅದು ಅಜ್ಜಿ ಹಾಸಿನ್ಯಾಗ ಹೋತಲ್ರಿ" ಅಂದ.

"ಯಾವ ಹಾಸಲೇ? ಕಣ್ಣು ತೆರದು ನೋಡು, ಎಲ್ಲೈತಿ?"

ನೋಡಿದ. ಬರೀ ಹುಲ್ಲು. ತಲೆ ಕೆರೆದುಕೊಂಡ. "ಇಲ್ರಿ ಖರೆ. ಆದ್ರೂ ಅದು ಅಜ್ಜಿ ಜಾಗ ಅಲ್ಲೇನ್ರಿ?"

ಆಗ ನನ್ನ ತಲೆಯಲ್ಲಿ ದೀಪ ಹತ್ತಿತು. ವಾಣೀ, ನಿನ್ನ ಸರ್ ಕಂಡ ಗೋಡೆ ಇದೇ! ನೀವು ಯಾರೂ ಕಾಳಿಲ್ಲದ ಬಯಲಿನಲ್ಲಿ ಒಂದು ದಿನವೂ ಆಡಿದವರಲ್ಲ. ಒಣಗಿದ ನೆಲ ಸಿಕ್ಕಾಗಲೆಲ್ಲ ಎರಡೂ ಕಡೆ ಮೆಕ್ಕೆಜೋಳ, ಮೆಕ್ಕೆಜೋಳದ ಪಕ್ಕ ಅಜ್ಜಿ, ಅಜ್ಜಿಯ ಕೈಯಲ್ಲಿ ಕೋಲು. ಕಾಲು ಕಲಿತದ್ದು ಎರಡು ಪಾಠ. ಬಾಲನ್ನು ಹತ್ತಿರ ಇಟ್ಟುಕೋ ಅನ್ನುವುದು ನನ್ನದು. ಪಕ್ಕಕ್ಕೆ ಹೋದರೆ ಸತ್ತೆ ಅನ್ನುವುದು ಕೊಟ್ರಬಸಮ್ಮನದು. ಅವಳ ಪಾಠ ನನ್ನದಕ್ಕಿಂತ ಗಟ್ಟಿಯಾಗಿ ಕೂತಿದೆ, ಅವಳ ಹತ್ತಿರ ಕೋಲು ಇತ್ತಲ್ಲ.

ನಿನ್ನ ಆ ಮೂವರು ಬಸ್ಸಿಗೆ ಕಾಯುವುದರಲ್ಲಿ ತಪ್ಪೇನಿದೆ? ನೀನು ಹಡಗಲಿ ಬಸ್ಸಿನ ಹಾಗೆ ಬಂದದ್ದೇ ದಾರಿಯಲ್ಲಿ ಬರುತ್ತೀಯ.

ಹೆಬ್ಬೆರಳಿಗೂ ಬಾಲಿಗೂ ಬೀಡಿ ಅಂತ ಬರೆದಿದ್ದೆನಲ್ಲ, ಆ ಪತ್ರ ಹರಿದುಹಾಕು. ಬಾಲು ಹತ್ತಿರ ಇಡುವುದು ನಿನಗೆ ಬರುತ್ತದೆ. ಅದನ್ನು ಯಾರೂ ಹೇಳಿಕೊಡಬೇಕಿಲ್ಲ. ನಿನಗೆ ಬರದಿರುವುದು ಪಕ್ಕದ ಜಾಗಕ್ಕೆ ಕಾಲಿಡುವುದು. ಎದುರಿನವಳು ಹತ್ತಿರ ಬಂದಾಗ ಕಾಲಿನ ಹೊರಬದಿಯಿಂದ ಬಾಲನ್ನು ಒಮ್ಮೆ ಪಕ್ಕಕ್ಕೆ ದೂಡು, ದೊಡ್ಡದಾಗಿ. ಅದರ ಹಿಂದೆ ನೀನೂ ಓಡು. ಬಾಲು ಮುಟ್ಟಿದ ಮೇಲೆ ಮತ್ತೆ ನಿನ್ನ ಸಣ್ಣ ಸಣ್ಣ ಆಟ.

ಹೇಳುವುದು ಸುಲಭ ಅಂತ ನನಗೂ ಗೊತ್ತು. ಜಂಬುನಾಥನಿಗೆ ಹೇಳಿದೆ, ಹ್ಞೂಂ ಅಂದ, ಹೋಗಿ ಮತ್ತೆ ಅದೇ ಗೆರೆಯಲ್ಲಿ ನಿಂತ.

ಇದಕ್ಕೊಂದು ಮದ್ದು ಹುಡುಕುತ್ತೇನೆ.

ಇಂತಿ,
ನಿಮ್ಮಪ್ಪ, ಅರ್ಧ ಮೇಷ್ಟ್ರು ಉಜ್ಜಿನಪ್ಪ


ಇಟ್ಟಿಗಿ
25-8-2025

ವಾಣೀ,

ಮದ್ದಿನ ಹೆಸರು ಕೊಟ್ರಬಸಮ್ಮ.

ನಿನ್ನೆ ಅವಳ ಮನೆಗೆ ಹೋದೆ. ಕಟ್ಟೆ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದಳು. "ಯವ್ವಾ, ಒಂದೀಟು ಸಂತಿ ಬಯಲಿಗೆ ಬರ್ತೀಯೇನು, ಆಟೋದಾಗ ಕುಂದ್ರಿಸಿಕೊಂಡು ಹೋಕ್ಕೀನಿ" ಅಂದೆ.

"ಯಾಕಲೇ? ನನ್ನ ಜ್ವಾಳ ಇನ್ನೂ ಹೊಲದಾಗ ಅದಾವು. ಅಲ್ಲಿ ಹೋಗಿ ಏನ್ ಕಾಯ್ಲಿ? ನಿನ್ನ ಮೀಸಿ ಕಾಯ್ಲೇನು?"

"ಕಾಯಾಕ ಅಲ್ಲಬೇ, ಕರಿಯಾಕ."

ಕೂತು ಎಲ್ಲ ಹೇಳಿದೆ. ಹುಡುಗರು ಬರಿಯ ಬಯಲಿನಲ್ಲೂ ಅವಳ ಕಾಳಿನ ಹಾಸು ಇದೆ ಅಂತ ಹೆದರುವುದು, ನೀನು ಅಲ್ಲಿ ಅಷ್ಟು ದೂರ ಹೋಗಿಯೂ ಅವಳ ಹಾಸು ದಾಟದೆ ನಿಂತದ್ದು, ದಸರೆಯ ತೀರ್ಮಾನ. ಮೊದಲು ನಕ್ಕಳು, ಹಲ್ಲಿಲ್ಲದ ಬಾಯಿ ಪೂರಾ ತೆರೆದು. ಆಮೇಲೆ ನಗು ನಿಲ್ಲಿಸಿ, "ನಮ್ ವಾಣೀನೇನು? ಆ ಹುಡುಗಿ ಒಂದ ಸಲನೂ ನನ್ನ ಕಾಳಿಗಿ ಬಾಲು ತಾಗಿಸಿದಾಕಿ ಅಲ್ಲಲೇ" ಅಂದಳು. "ಅದ ನೋಡು ತ್ರಾಸು" ಅಂದೆ. ಶೇಂಗಾದ ಮೊರ ಬದಿಗಿಟ್ಟು ಕೋಲು ತೆಗೆದುಕೊಂಡು ಎದ್ದಳು. "ಕೋಲು ಬ್ಯಾಡಬೇ!" ಅಂದರೆ, "ಮತ್ತ ಇದನ್ನ ಹಿಡಕೊಂಡ ನಡ್ಯಾದು ನಾನು, ನಿನ್ನ ಹೆಗಲು ಹಿಡೀಲೇನು?" ಅಂತ ನನಗೇ ಎಗರಿದಳು.

ಅವಳನ್ನು ಅವಳದೇ ಜಾಗದಲ್ಲಿ ಕೂರಿಸಿದೆ, ಪ್ರತಿ ವರ್ಷ ಎಲ್ಲಿ ಹಾಸು ಹರವುತ್ತಾಳೋ ಸರಿಯಾಗಿ ಅಲ್ಲೇ. ಅವಳನ್ನು ಕಂಡದ್ದೇ ನಮ್ಮ ಹುಡುಗರು ಇನ್ನೂ ಕಿರಿದಾಗಿ ನಿಂತರು, ಉಸಿರು ಬಿಡಲೂ ಭಯ. ಜಂಬುನಾಥ ಬಾಲು ತಂದ, ತೌಸೀಫ್ ಅಡ್ಡ ಬಂದ. ಆಗ ಅಜ್ಜಿ ಕೂಗಿದಳು, ಊರಿಗೆಲ್ಲ ಕೇಳುವ ಹಾಗೆ:

"ಬಾರಲೇ ಜಂಬ್ಯಾ! ಇಕಾ ಇಲ್ಲಿ, ನನ್ನ ಜ್ವಾಳದಾಗ ಬಾ! ತುಳೀ!"

ಅವನು ಬಾಲಿನ ಮೇಲೆ ಕಾಲಿಟ್ಟು ನಿಂತುಬಿಟ್ಟ. "ಖರೇನೇನಬೇ ಅಜ್ಜೀ?"

"ಖರೇನ ಲೇ! ಎಷ್ಟು ಸಲ ಹೇಳ್ಬೇಕು? ತುಳಿಯಂದ್ರ ತುಳೀಬೇಕು!"

"ಆಮ್ಯಾಲೆ ಕಾಲಾಡಸು ಅಂತೀಯೇನು?"

"ಈಗ ಬರದಿದ್ರ ಆಡಸ್ತೀನಿ ನೋಡು ಮಗನ!"

ದೂಡಿದ ನೋಡು ಬಾಲನ್ನು, ಕಾಲಿನ ಹೊರಬದಿಯಿಂದ, ಸೀದಾ ಅಜ್ಜಿಯ ಕಡೆಗೆ. ಕಟ್ಟು ಬಿಚ್ಚಿದ ಕರು ಓಡಿದ ಹಾಗೆ ಓಡಿದ. ತೌಸೀಫ್ ಅಲ್ಲೇ ಗೂಟದ ಹಾಗೆ. ಜಂಬುನಾಥ ಅಜ್ಜಿಯ ಸುತ್ತ ಒಂದು ಸುತ್ತು ಹಾಕಿ, ಬಾಲನ್ನು ಅವಳ ಕೋಲಿನ ಪಕ್ಕದಿಂದ ದಾಟಿಸಿ, ಆ ತುದಿ ಮುಟ್ಟಿ ಕಿರುಚಿದ. ಆಮೇಲೆ ಎಲ್ಲರೂ ನುಗ್ಗಿದರು. ಅಜ್ಜಿ ನಡುವೆ ಕೂತು, "ಇಕಾ ಈ ಕಡೆ! ಅಕಾ ಆ ಕಡೆ! ಏ ತೌಸೀಫಾ, ನಿನಗ ಬ್ಯಾರೆ ಲಗ್ನಪತ್ರಿಕಿ ಕೊಟ್ಟು ಕರೀಬೇಕೇನು?" ಅಂತ ಹೊತ್ತು ಮುಳುಗುವವರೆಗೆ ಕೂಗಿದಳು. ಗಂಟಲು ಬಿದ್ದುಹೋಗಿದೆ.

ಆಟೋದಲ್ಲಿ ವಾಪಸು ಬರುವಾಗ ನಿನಗೆ ಒಂದು ಮಾತು ಹೇಳಿ ಕಳಿಸಿದ್ದಾಳೆ. ಅವಳು ಅಂದ ಹಾಗೇ ಬರೆಯುತ್ತೇನೆ: "ವಾಣಿಗಿ ಬರಿ. ನಿನ್ನ ಅಜ್ಜಿ ಹೇಳ್ಯಾಳ, ಎಡಕ ನಂದ, ಬಲಕ ನಂದ, ಎಲ್ಲಿ ಬೇಕಾದಲ್ಲಿ ತುಳಿ ಅಂತ. ಒಂದ ಕಾಳೂ ನಾ ಕೇಳಂಗಿಲ್ಲ."

ಇದನ್ನು ಸರ್‌ಗೂ ಹೇಳು. ನಗುತ್ತಾರೆ, ನಗಲಿ. ಅವರು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕ ಹಾಗಾಗುತ್ತದೆ.

ಇಂತಿ,
ಅಪ್ಪ


ಇಟ್ಟಿಗಿ
15-9-2025

ವಾಣೀ,

ಪತ್ರ ಬರಲಿಲ್ಲ. ಮಂಜಣ್ಣ ನನ್ನನ್ನು ಕಂಡರೆ ದೂರದಿಂದಲೇ ಕೈ ಆಡಿಸುತ್ತಾನೆ, ಇಲ್ಲ ಅಂತ. ಭಾನುವಾರ ಫೋನಿನಲ್ಲೂ "ಹ್ಞೂಂ" ಅಂದೆ. ಆದರೆ ಈ ಸಲದ ಹ್ಞೂಂ ಬೇರೆ ಥರ ಇತ್ತು. ಯಾವ ಥರ ಅಂತ ನಿಮ್ಮಮ್ಮ ಕೇಳುತ್ತಾಳೆ, ನೀನೇ ಬರೆದು ತಿಳಿಸು.

ಅಮ್ಮನಿಗೆ ದಸರೆಯ ವಿಷಯ ಹೇಳಿದೆ. ಎಷ್ಟು ದಿನ ಅಂತ ಮುಚ್ಚಿಡಲಿ? ಅವಳಿಗೆ ಮೊದಲೇ ಗೊತ್ತಿತ್ತು. ನಾನು ಪತ್ರ ಓದುವಾಗ ಎಲ್ಲಿ ಸಾಲು ಹಾರಿಸಿ ಕೆಮ್ಮುತ್ತೇನೆ ಅಂತ ನೋಡಿಕೊಂಡಿದ್ದಳಂತೆ. ಕೆಮ್ಮಿದ ಜಾಗವನ್ನು ಎದುರುಮನೆಯ ಹುಡುಗಿಯ ಕೈಯಲ್ಲಿ ಓದಿಸಿದ್ದಾಳೆ.

ಉಳಿದರೂ ಸರಿ, ಬಂದರೂ ಸರಿ. ಇದು ತಮಾಷೆ ಅಲ್ಲ.

ಅಪ್ಪ


ಹಾಸ್ಟೆಲ್
27-9-2025

ಅಪ್ಪಾ,

ತಡವಾಯಿತು. ಏನಾದರೂ ಆದ ಮೇಲೆ ಬರೆಯೋಣ ಅಂತ ಕಾದೆ.

ಅಜ್ಜಿಯ ಮಾತು ಓದಿ ನಕ್ಕೆ. ನಕ್ಕರೂ ಕಾಲು ಕೇಳಲಿಲ್ಲ. ಸರ್‌ಗೆ ಹೇಳಲು ನಾಚಿಕೆ ಆಗುತ್ತಿತ್ತು. ನಾನು ಸುಮ್ಮನಿದ್ದದ್ದು ನೋಡಿ ಮುಸ್ಕಾನಳೇ ಹೋಗಿ ಹೇಳಿಬಿಟ್ಟಳು, "ಸರ್, ಅವಳ ಎರಡೂ ಕಡೆ ಮೆಕ್ಕೆಜೋಳ ಇದೆ" ಅಂತ. ಸರ್ ಮೊದಲು ಅರ್ಥವಾಗದೆ ಅವಳಿಗೆ ಬೈದರು. ನಾನು ಎಲ್ಲ ಬಿಡಿಸಿ ಹೇಳಿದೆ. ಅವರು ನಗಲಿಲ್ಲ. ಮರುದಿನದಿಂದ ನನ್ನನ್ನು ಗ್ರೌಂಡಿನ ಅಂಚಿನಲ್ಲಿ ನಿಲ್ಲಿಸಿ ಆಡಿಸಿದರು. ನಡುವೆ ಬಂದರೆ ಸೀಟಿ. ದಿನಾ ಸೀಟಿ. ಅಲ್ಲಿ ನಿಂತರೆ ಕಳ್ಳತನಕ್ಕೆ ಬಂದ ಹಾಗೆ ಅನ್ನಿಸುತ್ತಿತ್ತು.

ಮೊನ್ನೆ ಆಯ್ಕೆಯ ಮ್ಯಾಚ್ ಇತ್ತು. ನನ್ನನ್ನು ಕೊನೆಗೆ ಇಳಿಸಿದರು. ಮೊದಲ ಸಲ ಬಾಲು ಬಂದಾಗ ನಡುವೆಯೇ ಹೋದೆ, ಕಳೆದುಕೊಂಡೆ. ಸರ್ ತಲೆ ಆಚೆ ತಿರುಗಿಸಿದರು. ಎರಡನೆಯ ಸಲ ಬಾಲು ಬಂದಾಗ ಎದುರಿಗೆ ಅವರೇ ಮೂವರು. ನಾನು ಬಾಲಿನ ಮೇಲೆ ಕಾಲಿಟ್ಟು ನಿಂತೆ. ಅವರೂ ನಿಂತರು. ಬಲಗಡೆ ನೋಡಿದೆ. ಖಾಲಿ ಇತ್ತು ಅಪ್ಪಾ. ಯಾವಾಗಿನಿಂದ ಅಷ್ಟು ಖಾಲಿ ಇತ್ತೋ ಗೊತ್ತಿಲ್ಲ. ನಾನು ಜೋರಾಗಿ "ಅಜ್ಜೀ, ತುಳೀತೀನಿ" ಅಂದೆನಂತೆ. ನನಗೆ ನೆನಪಿಲ್ಲ, ಮುಸ್ಕಾನ್ ಹೇಳಿದ್ದು.

ದೂಡಿ ಓಡಿದೆ. ಮೂವರೂ ಹಿಂದೆ ಉಳಿದರು. ಗೆರೆಯ ಹತ್ತಿರ ಇನ್ನೊಬ್ಬಳು ಬಂದಳು, ಅವಳಿಗೆ ಎಮ್ಮೆ ತಿರುವು ಹಾಕಿ ಮುಸ್ಕಾನ್‌ಗೆ ಪಾಸ್ ಕೊಟ್ಟೆ. ಅವಳು ಗೋಲಿನ ಮೇಲಿಂದ ಒದ್ದಳು. ಬಾಲು ಅಡುಗೆಮನೆಯ ಮಾಡಿನ ಮೇಲೆ ಬಿತ್ತು. ಗೋಲು ಆಗಲಿಲ್ಲ. ಆಮೇಲೆ ಮ್ಯಾಚ್ ಮುಗಿಯುವವರೆಗೆ ನಾನು ನಡುವೆ ಬರಲೇ ಇಲ್ಲ. ಸರ್ ಕೊನೆಗೆ, "ಏಯ್, ಒಮ್ಮೊಮ್ಮೆ ನಡುವೆನೂ ಬಾರಮ್ಮಾ!" ಅಂತ ಕೂಗಿದರು.

ಇವತ್ತು ಬೆಳಿಗ್ಗೆ ಹೆಸರು ಓದಿದರು. ಉಳಿಯುವವರದು ಮಾತ್ರ ಓದುತ್ತೇವೆ ಅಂದಿದ್ದರು. ನನ್ನ ಹೆಸರು ಓದಿದರು.

ದಸರೆಗೆ ರಜೆ ಇಲ್ಲ. ದೀಪಾವಳಿಗೆ ಬಿಡುತ್ತಾರೆ.

ಅಪ್ಪಾ, ನನಗೆ ಖುಷಿಯಾಗಿದೆ. ಭಾನುವಾರ ಫೋನಿನಲ್ಲಿ ಇದನ್ನು ಹೇಳಲು ಆಗುವುದಿಲ್ಲ, ಹಿಂದೆ ಹುಡುಗಿಯರು ನಿಂತಿರುತ್ತಾರೆ. ಅದಕ್ಕೇ ಬರೆದೆ.

ನಿನ್ನ ಮಗಳು,
ವಾಣಿಶ್ರೀ


ಇಟ್ಟಿಗಿ
3-10-2025

ವಾಣೀ, ನನ್ನವ್ವಾ,

ಮಂಜಣ್ಣ ಇವತ್ತು ಕೈ ಆಡಿಸಲಿಲ್ಲ. ಸೈಕಲ್ ಬೆಲ್ ಹೊಡೆಯುತ್ತ ಬಂದ. ನಾನು ಆಟೋದ ಕೆಳಗೆ ಮಲಗಿ ನಟ್ಟು ಬಿಗಿ ಮಾಡುತ್ತಿದ್ದೆ. ಎರಡೂ ಕೈ ಗ್ರೀಸು. "ನೀನ ಒಡದು ಓದಪಾ" ಅಂದೆ. ಅವನು ನಿಂತುಕೊಂಡು ಓದಿದ, ನಾನು ಆಟೋದ ಕೆಳಗೇ ಮಲಗಿ ಕೇಳಿದೆ. "ನನ್ನ ಹೆಸರು ಓದಿದರು" ಅನ್ನುವಲ್ಲಿಗೆ ಬಂದು ಓದುವುದು ನಿಲ್ಲಿಸಿದ. "ಏನಪಾ, ಅದಿಯೋ ಇಲ್ಲೋ?" ಅಂತ ಬಗ್ಗಿ ನೋಡಿದ. ಕಣ್ಣಿಗೆ ಗ್ರೀಸು ಬಿದ್ದಿದೆ ಅಂದೆ. "ಎರಡೂ ಕಣ್ಣಿಗೇನು?" ಅಂದ. ಪೋಸ್ಟಿನವರಿಗೆ ಇಷ್ಟೊಂದು ತನಿಖೆ ಯಾಕೆ ಬೇಕು ಹೇಳು.

ನಿಮ್ಮಮ್ಮನಿಗೆ ಓದಿ ಹೇಳಿದೆ. ಒಂದು ಕಡೆಯೂ ಕೆಮ್ಮಲಿಲ್ಲ. "ಇನ್ನೊಂದು ಸಲ ಓದ್ರಿ" ಅಂದಳು. ಓದಿದೆ. "ಹಂಗಾರ ಬರೋದು ದೀಪಾವಳಿಗೇನು?" ಅಂದಳು. ಹ್ಞೂಂ ಅಂದೆ. ಆಮೇಲೆ ಎದ್ದು ಪಕ್ಕದ ಮನೆ, ಎದುರಿನ ಮನೆ, ಹಿಂದಿನ ಮನೆ ಎಲ್ಲ ಕಡೆ ಹೋಗಿ, "ನಮ್ಮಾಕಿ ಬರಂಗಿಲ್ಲಂತ ನೋಡ್ರಿ, ಉಳದಾಳ" ಅಂತ ಹೇಳಿ ಬಂದಳು. ಒಬ್ಬರಿಗೂ ಅರ್ಥವಾಗಿಲ್ಲ. ಬರುವುದಿಲ್ಲ ಅನ್ನುತ್ತಾಳೆ, ಮುಖ ಮಾತ್ರ ಹಬ್ಬದ ಹಾಗೆ ಇದೆ, ಏನಾಗಿದೆ ನಿನ್ನ ಹೆಂಡತಿ ಸುಮಲತಾಗೆ ಅಂತ ನನ್ನನ್ನು ಕೇಳುತ್ತಿದ್ದಾರೆ.

ಮುಸ್ಕಾನ್‌ಗೆ ಹೇಳು, ಗೋಲು ಆಮೇಲೆ ಹೊಡೆಯಲಿ, ಅವಸರ ಇಲ್ಲ. ಅವಳು ಸರ್ ಹತ್ತಿರ ಹೋಗಿ ಬಾಯಿ ತೆರೆದದ್ದೇ ದೊಡ್ಡ ಗೋಲು. ದೀಪಾವಳಿಗೆ ಅವಳನ್ನೂ ಕರೆದುಕೊಂಡು ಬಾ. ಸರ್‌ಗೆ ನನ್ನ ನಮಸ್ಕಾರ ಹೇಳು. ಜಂಬುನಾಥನಿಗೆ ಹೇಳಿದ್ದಕ್ಕೆ ಅವನು ತಾನೂ ಹಾಸ್ಟೆಲ್‌ಗೆ ಹೋಗುತ್ತೇನೆ, ಅಲ್ಲಿ ದಿನಾ ಮೊಟ್ಟೆ ಕೊಡುತ್ತಾರಂತೆ ಅಂದ. ಕಾರಣ ಏನಾದರೂ ಇರಲಿ, ಕಾಲು ಒಳ್ಳೆಯದಿದೆ.

ಒಂದು ಮಾತು ಹೇಳುತ್ತೇನೆ, ನಗಬೇಡ. ನಿನ್ನ ಹೆಸರು ಬರದಿದ್ದರೆ ಹಡಗಲಿ ಬಸ್‌ಸ್ಟ್ಯಾಂಡಿಗೆ ಆಟೋ ತಂದು ನಿನ್ನನ್ನು ಕರೆದುಕೊಂಡು ಬರಬೇಕು ಅಂತ ಲೆಕ್ಕ ಹಾಕಿದ್ದೆ. ಅಲ್ಲಿಂದ ಇಟ್ಟಿಗಿಯವರೆಗೆ ದಾರಿಯಲ್ಲಿ ನೀನು ಅಳಬಾರದು ಅಂತ ಜೋಕು ಕೂಡಿಸಿಟ್ಟಿದ್ದೆ. ಬಾಡಿಗೆಗೆ ಹೋದಲ್ಲೆಲ್ಲ ಹೊಸದು ಕೇಳಿ, ಮರೆಯದ ಹಾಗೆ ಆಟೋದಲ್ಲಿ ಒಬ್ಬನೇ ಹೇಳಿಕೊಂಡು, ನಗು ಬಂದದ್ದನ್ನು ಇಟ್ಟುಕೊಂಡು, ಬರದೇ ಇದ್ದದ್ದನ್ನು ಬಿಟ್ಟೆ. ಊರು ಮುಟ್ಟುವವರೆಗೆ ಸಾಕಾಗುವಷ್ಟು ಆಗಿದ್ದವು. ಈಗ ಎಲ್ಲ ದಂಡವಾದವು. ಇಂಥ ದಂಡ ಯಾರಿಗೆ ಸಿಗುತ್ತದೆ ಹೇಳು?

ಹೋದ ತಿಂಗಳೆಲ್ಲ ಊಟಕ್ಕೆ ಕೂತರೆ ಅರ್ಧ ರೊಟ್ಟಿಗೇ ಎದ್ದುಬಿಡುತ್ತಿದ್ದೆ. ಬಾಡಿಗೆ ಬಂದಿದೆ ಅನ್ನುತ್ತಿದ್ದೆ. ಈಗ ಬರೆಯುತ್ತ ಕೂತಿದ್ದೇನೆ, ಒಳಗಿನಿಂದ ಬದನೆಕಾಯಿ ಪಲ್ಯದ ವಾಸನೆ ಬರುತ್ತಿದೆ, ಹೊಟ್ಟೆ ನಾಯಿಯ ಹಾಗೆ ಗುರುಗುಟ್ಟುತ್ತಿದೆ. ಇನ್ನೂ ಬರೆಯುವುದು ಬಹಳ ಇತ್ತು. ಎಡಗಾಲಿನ ಹೊರಬದಿಯನ್ನು ಹೇಗೆ ಪಳಗಿಸಬೇಕು ಅಂತ ಹೇಳೋಣ ಅಂದುಕೊಂಡಿದ್ದೆ, ಅದಕ್ಕೆ ಮೊದಲು ನೀನು

"ಏನ್ರೀ, ಬರ್ರಿ ಊಟಕ್ಕ! ರೊಟ್ಟಿ ಆರಿದ ಮ್ಯಾಲೆ ಬಂದು ಗಟ್ಟಿಯಾಗ್ಯಾವು ಅಂದ್ರ ನಾ ಸುಮ್ನಿರಂಗಿಲ್ಲ!"

ಕೇಳಿತಲ್ಲ. ಎದ್ದೆ. ಇವತ್ತು ಬಾಡಿಗೆ ಬಂದರೂ ಹೋಗುವುದಿಲ್ಲ.

ಅಪ್ಪ